ಮೂಗು ಮುಟ್ಟಿಕೊಂಡ ಮೇಷ್ಟ್ರು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಹೊರಟೆ, ಪೆನ್ನು ನಿಂತಿತು. ಆ ನಂಟು ಈಗ ಕೋರ್ಟಿನ ಕೈಯಲ್ಲಿದೆ. ಆರೋಗ್ಯವೇ? ಸೋಂಕಿನ ನಂತರ ಉಳಿದ ಕೆಮ್ಮು ಹೋಯಿತೇ? ನಿನ್ನ ಮಗಳು ಗುಬ್ಬಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಕ್ಕರೆ ಥೇಟು ಈ ಬೊಚ್ಚುಬಾಯಿ ತಾತನೇ.

ಮೂವತ್ತು ವರ್ಷ ಮೇಷ್ಟ್ರಾಗಿದ್ದವನ ಒಂದು ಕೆಟ್ಟ ಚಾಳಿ ನಿನಗೆ ಗೊತ್ತಿಲ್ಲ. ಶಾಲೆಗೆ ಇನ್‌ಸ್ಪೆಕ್ಟರು ಬಂದರೆ ಅವರ ಬೆನ್ನ ಹಿಂದೆ ನಿಂತು ಮಕ್ಕಳಿಗೆ ಸನ್ನೆ ಮಾಡುತ್ತಿದ್ದೆ. ಕಿವಿ ಮುಟ್ಟಿಕೊಂಡರೆ ಹೌದು, ಮೂಗು ಮುಟ್ಟಿಕೊಂಡರೆ ಇಲ್ಲ. ಒಳ್ಳೆಯ ಮೇಷ್ಟ್ರು ಎಂಬ ಹೆಸರೂ ಬಂತು! ಅದೇ ಸನ್ನೆಯನ್ನು ಗುಬ್ಬಿಗೂ ಆಟವೆಂದು ಕಲಿಸಿದ್ದೆ. ಕೊರೊನಾ ಕಾಲದಲ್ಲಿ ಕೋರ್ಟು ಬಾಗಿಲು ಹಾಕಿ, ವಿಚಾರಣೆಯೆಲ್ಲ ಫೋನಿನ ಪರದೆಗೆ ಬಂದಾಗ, ಗುಬ್ಬಿ ಯಾರ ಬಳಿ ಇರಬೇಕೆಂದು ಜಡ್ಜಮ್ಮ ಅವಳನ್ನೇ ಕೇಳಿದರಲ್ಲ, ಅವತ್ತು ಸಕ್ಕರೆ ಡಬ್ಬಕ್ಕೆ ಫೋನು ಆನಿಸಿಟ್ಟವನು ನಾನೇ. "ರೂಮಲ್ಲಿ ಬೇರೆ ಯಾರಾದ್ರೂ ಇದಾರಾ ಮರಿ?" ಎಂದರು. ಫೋನಿನ ಹಿಂದೆ ನಿಂತು ಮೂಗು ಮುಟ್ಟಿಕೊಂಡೆ. "ಇಲ್ಲ" ಎಂದಳು. "ಅಮ್ಮನ ಹತ್ರ ಹೋಗ್ತೀಯಾ?" ಎಂದರು. ಮತ್ತೆ ಮುಟ್ಟಿಕೊಂಡೆ. ಆ ಒಂದು ಮಾತಿಗೆ ಎರಡು ವರ್ಷ ಅವಳು ಇಲ್ಲೇ ಉಳಿದಳು, ನಿನ್ನ ಪಾಲಿಗೆ ತಿಂಗಳಿಗೆರಡು ಭಾನುವಾರ ಬಂತು. ಮಗನಿಗಾಗಿ ಮಾಡಿದೆ ಎಂದುಕೊಂಡಿದ್ದೆ. ಸುಳ್ಳು. ಅವಳನ್ನು ಬಿಟ್ಟಿರಲಾಗದವನು ನಾನು.

ಈಗ ಕೇಸು ಮತ್ತೆ ವಿಚಾರಣೆಗೆ ಬಂದಿದೆ, ಕೋರ್ಟಿನ ನಿಯಮವೂ ಬದಲಾಗಿದೆ. ಕೋರ್ಟಿನಲ್ಲೇ, ಆಟಿಕೆಗಳಿರುವ ಕೋಣೆಯಲ್ಲಿ, ಆಪ್ತಸಮಾಲೋಚಕಿ ಒಬ್ಬರೇ ಮಗುವನ್ನು ಮಾತಾಡಿಸಬೇಕು, ಮನೆಯವರು ಹೊರಗೆ. ಸೋಮವಾರ ಹೊರಗಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತೆ. ಆಕೆ ಬಂದು, "ಬಾಯೇ ಬಿಡ್ಲಿಲ್ಲ ಸಾರ್" ಎಂದರು. ದಾರಿಯಲ್ಲಿ ಯಾಕೆಂದು ಕೇಳಿದೆ. "ನೀನಿರ್ಲಿಲ್ವಲ್ಲ ತಾತ, ಏನ್ ಹೇಳ್ಬೇಕು ಅಂತ ನಂಗೆ ಹೇಗ್ ಗೊತ್ತಾಗತ್ತೆ?" ಎಂದಳು. ನಾಚಿಕೆಯಿಂದ ನಡುರಸ್ತೆಯಲ್ಲೇ ನಿಂತುಬಿಟ್ಟೆ. ನೀರು ಬೇಕಾ ಎಂದರೂ ಮೊದಲು ನನ್ನ ಮುಖ ನೋಡುತ್ತಾಳೆ. ಇಷ್ಟು ದಿನ ಅದನ್ನು ವಿಧೇಯತೆ ಎಂದು ಬೀಗಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತು, ತಾಯಿ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ನೀನು ಚೆನ್ನಾಗಿರು. ಬೀಗಿತ್ತಿಯವರು ಬೇಡವೆನ್ನದಿದ್ದರೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾವ

ಮ.ವಿ.: ಬರೆಯಲು ಮರೆತೆ. ಮರೆತಿದ್ದಲ್ಲ, ಧೈರ್ಯ ಬಂದಿರಲಿಲ್ಲ. ಇದನ್ನೆಲ್ಲ ಇವತ್ತು ಬೆಳಿಗ್ಗೆ ಜಡ್ಜಮ್ಮನಿಗೂ ಬರೆದು, ಸಹಿ ಹಾಕಿ ಕೊಟ್ಟುಬಂದೆ. ಮಗ ಮಾತು ಬಿಟ್ಟಿದ್ದಾನೆ. ಬರುವ ಬುಧವಾರ ಹನ್ನೊಂದಕ್ಕೆ ಗುಬ್ಬಿಯನ್ನು ಮತ್ತೆ ಕೇಳುತ್ತಾರೆ. ನೀನೇ ಬಂದು ಕರೆದುಕೊಂಡು ಹೋಗು. ನಾನು ಬೆಂಚಿನವರೆಗೂ ಬರುವುದಿಲ್ಲ. ನನಗೇ ನನ್ನ ಮೇಲೆ ನಂಬಿಕೆಯಿಲ್ಲ.