ಹತ್ತು ಇಂಚಿನ ಕೊರತೆ

ಲೀಗ್ ಸಮಿತಿಯ ಕಾರ್ಯದರ್ಶಿಗಳೇ,

ಮಾನ್ಯರೇ ಎನ್ನಲು ಬಾಯಿ ಬರುತ್ತಿಲ್ಲ, ಕ್ಷಮಿಸಿ.

ಎಂಟನೇ ಹಂತದ ಫುಟ್‌ಬಾಲ್ ಲೀಗನ್ನು ನಾವು ಗೆದ್ದೆವು. ಏಳನೇ ಹಂತಕ್ಕೆ ನೀವು ಏರಿಸಿದ್ದು ಎರಡನೇ ಸ್ಥಾನದವರನ್ನು. ಕಾರಣ, ನಮ್ಮ ಮೈದಾನದ ಅಗಲ ನಿಯಮಕ್ಕಿಂತ ಹತ್ತು ಇಂಚು ಕಡಿಮೆಯಂತೆ! ತಾವೇ ಖುದ್ದಾಗಿ ಬಂದು, ಈ ಬದಿಯ ಗೆರೆಯ ಒಳಂಚಿನಿಂದ ಆ ಬದಿಯ ಗೆರೆಯ ಒಳಂಚಿಗೆ ಟೇಪು ಹಿಡಿದಿರಿ. ಗೆರೆಯೂ ಮೈದಾನಕ್ಕೇ ಸೇರಿದ್ದು, ಹೊರಂಚಿನಿಂದ ಅಳೆಯಬೇಕು ಎಂಬುದು ಬೇಲಿಗೆ ಒರಗಿ ಆಟ ನೋಡುವವರಿಗೂ ಗೊತ್ತು. ಒಂದು ಗೆರೆಗೆ ಐದು ಇಂಚು, ಎರಡಕ್ಕೆ ಹತ್ತು. ಕೂಡಿಸಲು ಎರಡು ಕೈಯ ಬೆರಳು ಸಾಕಿತ್ತು. ತಮ್ಮ ಒಂದು ಕೈಯಲ್ಲಿ ಟೀ ಲೋಟವಿತ್ತಲ್ಲ, ಅಲ್ಲೇ ಎಡವಟ್ಟಾಯಿತು.

ಆ ಗೆರೆಗಳನ್ನು ಇಪ್ಪತ್ತೆರಡು ವರ್ಷದಿಂದ ಎಳೆಯುತ್ತಿರುವವರು ನನ್ನ ಸೋದರಮಾವ. ಕಸುಬಿನಲ್ಲಿ ದರ್ಜಿ. ನಿಮ್ಮ ಆದೇಶ ಬಂದ ದಿನ ತಂಡದ ಕ್ಯಾಪ್ಟನ್ ನೆಟ್ಟಗೆ ಅವರ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, "ಮೈದಾನ ಅಳೆಯೋಕೆ ಬರ್ದೇ ಇರೋನು ಷರ್ಟು ಏನು ಅಳೀತೀಯ?" ಎಂದ. ಮರುದಿನದಿಂದ ಮಾವ ಪ್ರತಿ ಬಟ್ಟೆಯನ್ನೂ ಮೂರು ಮೂರು ಸಲ ಅಳೆಯತೊಡಗಿದರು. ಆಮೇಲೆ ಕತ್ತರಿ ಹಾಕಲೇ ಹೆದರಿದರು. ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಂಡರು. ಈಗ ಹೊಲಿಗೆ ಮೆಷಿನ್ನಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದೆ.

ನಿಯಮ ಪುಸ್ತಕ ತಂದು ಮಾವನಿಗೆ ಓದಿ ಹೇಳಿದೆ. "ಅಂಚು ಬಟ್ಟೆಗೇ ಸೇರಿದ್ದು ಅನ್ನೋದೂ ಗೊತ್ತಿಲ್ವೇನೋ ಆ ಮನುಷ್ಯನಿಗೆ?" ಎಂದರು. ಪುಸ್ತಕ ಮುಚ್ಚಿಟ್ಟು, "ಆದ್ರೂ ದೊಡ್ಡೋರು ಅಳೆದಿದ್ದಾರೆ ಕಣೋ. ನಂದೇ ತಪ್ಪಿರಬಹುದು" ಎಂದರು.

ಸ್ವಾಮೀ, ನೀವು ಮೈದಾನ ಅಳೆದ ಹಾಗೆ ಮಾವ ನಿಮಗೆ ಪ್ಯಾಂಟು ಹೊಲಿದಿದ್ದರೆ, ಗುಂಡಿ ಹಾಕಲು ಇಡೀ ಸಮಿತಿ ಸಭೆ ಸೇರಬೇಕಾಗುತ್ತಿತ್ತು. ಲೀಗ್ ಹಂತಗಳ ಪಿರಮಿಡ್ಡಿನ ತುದಿಯಲ್ಲಿ ಕೂತವರಿಗೆ ಕೆಳಗಿನವರು ಚಿಕ್ಕದಾಗಿ ಕಾಣುವುದು ಸಹಜ. ಸರಿಯಾಗಿ ಹತ್ತು ಇಂಚು ಚಿಕ್ಕದಾಗಿ ಎಂದು ಮಾತ್ರ ಗೊತ್ತಿರಲಿಲ್ಲ. ಮೂರು ಮೇಲ್ಮನವಿ ಬರೆದೆ. ಮೂರಕ್ಕೂ ಒಂದೇ ಸಾಲಿನ ಉತ್ತರ: "ಅಳತೆಯೇ ಅಂತಿಮ." ನಾಚಿಕೆ ಎಂಬುದು ನಿಮ್ಮಲ್ಲಿ ಯಾವ ಹಂತದಿಂದ ಶುರುವಾಗುತ್ತದೆ?

ಬಡ್ತಿಯನ್ನು ನೀವೇ ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಅಂಗಡಿಗೆ ಬನ್ನಿ. ಬಿಟ್ಟುಹೋದ ಗಿರಾಕಿಗಳನ್ನು ಕರೆತರುವುದು ನನ್ನ ಹೊಣೆ. ಅವರೆದುರು "ತಪ್ಪು ನನ್ನದು" ಎನ್ನಿ. ಆಮೇಲೆ ಎರಡೂ ಕೈ ಎತ್ತಿ ನಿಂತು ಒಂದು ಷರ್ಟಿಗೆ ಅಳತೆ ಕೊಡಿ. ಮಾವ ಎಷ್ಟು ಹೇಳುತ್ತಾರೋ ಅಷ್ಟೇ. ಅದೇ ಅಂತಿಮ.

ಹೆದರಬೇಡಿ, ತಲೆ ತಗ್ಗಿಸಿ ನೀವೊಬ್ಬರೇ ನಿಲ್ಲಬೇಕಾಗಿಲ್ಲ. ಪಕ್ಕದಲ್ಲಿ ನಾನೂ ಇರುತ್ತೇನೆ.

ಇಂತಿ,
ಅಂಗಡಿಗೆ ಹೋಗಿ ಆ ಮಾತು ಆಡಿಬಂದ ಕ್ಯಾಪ್ಟನ್,
ಅವರ ಸ್ವಂತ ಅಕ್ಕನ ಮಗ