ನಮ್ಮ ಮನೆಯಲ್ಲಿ ಹಸು ಇಲ್ಲ

ವಕ್ಕಲೇರಿ
೧೮ ನವೆಂಬರ್ ೨೦೨೪

ಪ್ರೀತಿಯ ತ್ರಿವೇಣಿಗೆ ನಿನ್ನ ಅತ್ತಿಗೆ ಬರೆಯುವುದು.

ಹೇಗಿದ್ದೀಯ? ಊಟ ಸೇರುತ್ತಿದೆಯಾ? ಮಗು ಹೊಟ್ಟೆಯಲ್ಲಿ ಆಡುತ್ತಿದೆಯಾ? ಮೈ ಬೆಚ್ಚಗಾಗುವುದೇನಾದರೂ ಇದ್ದರೆ ಮುಚ್ಚಿಡಬೇಡ. ಬಸುರಿ ಸಾವಿನ ಮನೆಗೆ ಬರಬಾರದೆಂದು ನಿಮ್ಮತ್ತೆ ನಿನ್ನನ್ನು ಶ್ರೀನಿವಾಸಪುರದಲ್ಲೇ ತಡೆದರು. ಒಡಹುಟ್ಟಿದವನ ಮುಖ ನೋಡಲು ಬಿಡದ ಶಾಸ್ತ್ರ ಯಾವ ಸೀಮೆಯದೋ, ನನಗಿನ್ನೂ ಸಿಟ್ಟು ಇಳಿದಿಲ್ಲ. ಫೋನು ಮಾಡಿದರೆ ಇಬ್ಬರೂ ಅಳುವುದೇ ಆಗುತ್ತದೆ, ಅದಕ್ಕೇ ಕಾಗದ.

ನಿಮ್ಮಣ್ಣನಿಗೆ ಏನಾಗಿತ್ತೆಂದು ಈಗ ಗೊತ್ತಾಗಿದೆ. ಯುಗಾದಿಯಿಂದ ಜ್ವರ ಬಂದು ಬಂದು ಹೋಗುತ್ತಿತ್ತಲ್ಲ, ಅದು ಹೃದಯದ ಕವಾಟಕ್ಕೆ ತಗುಲಿದ ಸೋಂಕು. ಆಸ್ಪತ್ರೆಯಲ್ಲಿ ಎಷ್ಟು ಸಲ ರಕ್ತ ತೆಗೆದು ನೋಡಿದರೂ ಯಾವ ರೋಗಾಣುವೂ ಬೆಳೆಯಲಿಲ್ಲ. ಕೆಲವು ಹಾಗೆ ಬೆಳೆಯುವುದೇ ಇಲ್ಲವಂತೆ, ಇಂಥದ್ದೇ ಎಂದು ಅನುಮಾನ ಬಂದರೆ ಅದಕ್ಕೆ ಬೇರೆ ಪರೀಕ್ಷೆಯಂತೆ. ಅದಕ್ಕೇ ಡಾಕ್ಟರ್ ಚೈತನ್ಯ ಮೇಡಂ, ಮನೆಯಲ್ಲಿ ಹಸು, ಕುರಿ ಇವೆಯಾ ಎಂದು ಕೇಳಿದ್ದರು. ನಿಮ್ಮಣ್ಣ, "ಇಲ್ಲ ಮೇಡಂ, ನಮ್ದು ಬರೀ ಟಮಾಟ ತೋಟ" ಎಂದರು. ಸುಳ್ಳಲ್ಲ. ನಾನೂ ಪಕ್ಕದಲ್ಲಿ ಕೂತು ತಲೆಯಾಡಿಸಿದೆ.

ಮನೆಯಲ್ಲಿ ಒಂದು ಲೋಟ ತೊಳೆಯದ ಮನುಷ್ಯ, ಯಾರದೋ ಕೊಟ್ಟಿಗೆಯಿಂದ ಕರೆ ಬಂದರೆ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದರು. ಅಡ್ಡ ಸಿಕ್ಕಿದ ಕರುವನ್ನು ಎಳೆಯುವುದು, ಕರುವಿನ ಹಿಂದೆ ಮಾಸು ಬಿದ್ದ ಮೇಲೆ ಅದನ್ನು ಹುಲ್ಲಿನಲ್ಲಿ ಸುತ್ತಿ, ಹಾಲು ಹೆಚ್ಚಲೆಂದು ಆಲದ ಮರಕ್ಕೆ ಕಟ್ಟುವುದು, ಎಲ್ಲಾ ಬರಿಗೈಯಲ್ಲೇ. ಯಾರಿಂದಲೂ ಕೂಲಿ ಮುಟ್ಟಿದವರಲ್ಲ, ಹಾಗಾಗಿ ಅದನ್ನೊಂದು ಕೆಲಸವೆಂದು ಅವರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ. ಕವಾಟ ಹರಿದು ಆಪರೇಷನ್ ಮಾಡಿದಾಗ, ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಅವರು ಹೋದ ಮೇಲೆ ಉತ್ತರ ಬಂತು, ದನಗಳ ಮಾಸಿನಿಂದ ಅಂಟುವ ರೋಗಾಣು ಎಂದು. ಮೊದಲೇ ತಿಳಿದಿದ್ದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿಯಾದರೂ ಉಳಿಯಬಹುದಿತ್ತಂತೆ. ಇದನ್ನು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ, ತ್ರಿವೇಣಿ. ಊರವರೆಲ್ಲ ಬಂದು ಅವರ ಗುಣ ಹೊಗಳಿ ಹೋಗುತ್ತಾರೆ. ನನಗೆ ಗುಣ ಬೇಡ, ಅವರು ಬೇಕು.

ನಂದಕುಮಾರ್ ಅವರಿಗೆ ನಮಸ್ಕಾರ ಹೇಳು. ನಿನ್ನ ಮಡಿಲು ತಂಪಾಗಿರಲಿ.

ನಿನ್ನ ಅತ್ತಿಗೆ,
ಸರಳಾ

ಮರೆತೆನೆಂದುಕೊಳ್ಳಬೇಡ, ಬರೆಯಲು ಕೈ ಬರಲಿಲ್ಲ. ಶ್ರಾವಣದಲ್ಲಿ ನೀನು ಬಂದಿದ್ದಾಗ ಕದಿರಮ್ಮನ ಹಸು ಕರು ಹಾಕಿತಲ್ಲ, ಜ್ವರಕ್ಕೆ ನಿಮ್ಮಣ್ಣನ ಕೈ ನಡುಗುತ್ತಿದೆಯೆಂದು ಮಾಸನ್ನು ಹುಲ್ಲಿನಲ್ಲಿ ಸುತ್ತಿ ಕೊಟ್ಟವಳು ನೀನೇ. ಈ ರೋಗ ಬಸುರಿಯರಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಕೆಟ್ಟದ್ದಂತೆ. ಕಾಗದ ತಂದ ಪಕ್ಕದ ಮನೆಯ ಆಂಜಿ ಬಾಗಿಲಲ್ಲೇ ಕಾಯುತ್ತಿರುತ್ತಾನೆ, ಅವನ ಕಾರಿನಲ್ಲಿ ಈಗಲೇ ನಿನ್ನ ಡಾಕ್ಟರಮ್ಮನ ಹತ್ತಿರ ಹೋಗು. ಅವರು ಏನೂ ಕೇಳದಿದ್ದರೂ ಹಸುವಿನ ಮಾತು ಹೇಳು. ನಿಮ್ಮಣ್ಣ ಹೇಳಲಿಲ್ಲ ಕಣೇ.