ಚೌಕಿ ಇಲ್ಲದ ಆಟ

ಸುಳ್ಯ
ಮಾರ್ಚ್ ೧೯೬೧

ಇಚಿಲಂಪಾಡಿಯ ನಮ್ಮ ಮನೆಯ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿರುವ ನನ್ನ ಪ್ರೀತಿಯ ತಂಗಿ ದೇವಮ್ಮನಿಗೆ,

ಅವ್ವ ಕ್ಷೇಮವಾಗಿದ್ದಾರಷ್ಟೆ? ನಾನು ಇಲ್ಲಿ ಕ್ಷೇಮ. ನಿನ್ನ ಗಂಡ ಕ್ಷೇಮ ಅಂತ ಹೇಳುವ ಧೈರ್ಯ ನನಗಿಲ್ಲ. ತೀರ್ಥರಾಮ ಭಾವ ಈಗ ತಾವೇ ಅಡುಗೆ ಮಾಡುತ್ತಿದ್ದಾರೆ. ಮೊನ್ನೆ ಅವರ ಸಾರು ಉಂಡು ಬಂದೆ. ತೀರ್ಥ ಅವರ ಹೆಸರಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ, ಸಾರಿನಲ್ಲೂ ಅದೇ. ಬೇಳೆಯ ದರ್ಶನವಾಗಲಿಲ್ಲ.

ನಗು ಬಂತಾ? ಬರದಿದ್ದರೂ ಪರವಾಗಿಲ್ಲ. ಹೊರಡುವ ದಿನ ನೀನು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ, "ನಾನು ಎಂತ ಮಾಡಿದೆ ಅಣ್ಣ ಆ ಮಗುವಿಗೆ? ನೋಡು, ನನ್ನ ಕೈಯಲ್ಲಿ ಎಂತ ಉಂಟು?" ಎಂದು ಕೇಳಿದ್ದೆ. ಯಾರು ಏನೇ ಕೇಳಿದರೂ ಒಂದು ಕುಚೋದ್ಯದ ಉತ್ತರ ಕಿಸೆಯಲ್ಲಿಟ್ಟುಕೊಂಡಿರುವ ನಾನು ಅವತ್ತು ಬಾಯಿ ಬಾರದವನಂತೆ ನಿಂತಿದ್ದೆ. ಆ ಉತ್ತರ ಈಗ ಸಿಕ್ಕಿದೆ. ಅದಕ್ಕೇ ಈ ಕಾಗದ.

ಆದದ್ದೆಲ್ಲ ಆ ಟೆಂಟ್ ಸಿನಿಮಾದಿಂದ ಅಂತ ನೀನೂ ಬಲ್ಲೆ. ಮದುವೆಯ ಹೊಸತು, ಭಾವನಿಗೆ ಹುರುಪು. ಕೊಯ್ಲಾದ ಗದ್ದೆಯಲ್ಲಿ ಡೇರೆ ಎದ್ದದ್ದೇ ತಡ, ಹೊಸ ಹೆಂಡತಿಯನ್ನೂ ತಾಯಿಯಿಲ್ಲದ ಮಗಳನ್ನೂ ಕರೆದುಕೊಂಡು ಹೋದರು. ಪರದೆಯ ಮೇಲಿನ ಮಲತಾಯಿ ಹಾಲಿನ ಲೋಟ ಹಿಡಿದು ಬಂದಳು. ಮಗುವಿನೆದುರು ತಾನೇ ಮೊದಲು ಒಂದು ಗುಟುಕು ಕುಡಿದು ತೋರಿಸಿದಳು, ಆಮೇಲೆ ತಿರುಗಿ ಸೆರಗಿನ ಗಂಟು ಬಿಚ್ಚಿ ಹುಡಿ ಬೆರೆಸಿದಳು. ಮರುದಿನದಿಂದ ನಮ್ಮ ಕಮಲಾವತಿ ನಿನ್ನ ಕೈಯಿಂದ ಒಂದು ತುತ್ತು ಮುಟ್ಟಲಿಲ್ಲ. ನೀನೋ, ಪಾಪ, ಮಗುವಿಗೆ ನಂಬಿಕೆ ಬರಲಿ ಎಂದು ಪ್ರತಿ ಊಟಕ್ಕೂ ಅವಳ ತಟ್ಟೆಯಿಂದಲೇ ಒಂದು ತುತ್ತು ತಿಂದು ತೋರಿಸಿದೆ. ಅಯ್ಯೋ ಮಾರಾಯ್ತಿ, ಆ ಸಿನಿಮಾದವಳು ಮಾಡಿದ್ದೂ ಅದನ್ನೇ! ಮೇಲಿಂದ ನಿನ್ನ ಸೆರಗಿನಲ್ಲಿ ಪೆಟ್ಟಿಗೆಯ ಬೀಗದ ಕೈಯ ಗಂಟು ಬೇರೆ. ಮಗು ಲೈಲಾಳ ಬುತ್ತಿಯಲ್ಲಿ ಅರ್ಧ ಪಾಲು ತಿಂದು ದಿನ ದೂಡಿತು. ಲೈಲಾ ಗೊತ್ತಲ್ಲ, ಜೀನಸಿನಂಗಡಿಯ ಪೋಕರ್ ಬ್ಯಾರಿಯವರ ಮಗಳು, ಇವಳ ಜೀವದ ಗೆಳತಿ. ಕಡೆಗೆ ಮಗು ಸೊರಗುವುದನ್ನು ನೋಡಲಾರದೆ ನೀನು ಟ್ರಂಕು ಎತ್ತಿದೆ.

ನಮ್ಮ ಹೆಡ್ಮಾಸ್ಟ್ರು ಸುದ್ದಿ ಕೇಳಿ ಗುಡುಗಿದರು. ಟೆಂಟಿನ ಕಡೆ ಮುಖ ಹಾಕಿದ ಮಕ್ಕಳಿಗೆಲ್ಲ ಬೆತ್ತದ ರುಚಿ ಅಂತ ಅಪ್ಪಣೆಯಾಯಿತು. ಅದೇ ಟೆಂಟಿನಲ್ಲಿ ನೆಲದ ಚಾಪೆಯ ಮೇಲೆ ಕೂತು ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಬೆತ್ತ ನನ್ನಿಂದಲೇ ಶುರುವಾಗಬೇಕಿತ್ತು. ಮತ್ತೆ, ಹೋಗಬೇಡ ಅಂದರೆ ನೋಡಿಯಾದದ್ದು ತಲೆಯಿಂದ ಇಳಿಯುತ್ತದೆಯೇ?

ಹಾಗಾಗಿ ಮೂರನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದೆ. ನಿನ್ನ ಅಣ್ಣ ಕಾಲೇಜು ಮೆಟ್ಟಿಲು ಹತ್ತಿದವನಲ್ಲವೇ? ಬೆಳಕು, ಮಸೂರ, ರೀಲು, ಭ್ರಮೆ ಎಂದು ಪುಸ್ತಕದ ಭಾಷೆಯಲ್ಲಿ ಹರಿದೆ. ಹಿಂದಿನ ಸಾಲು ನಿದ್ದೆಗೆ ಜಾರಿತು. ಆಗ ಕಮಲಾವತಿ ಎದ್ದು ನಿಂತಳು.

"ಮಾಸ್ಟ್ರೇ, ಅದೆಲ್ಲ ಆಟ ಆದ್ರೆ ಚೌಕಿ ಎಲ್ಲುಂಟು? ನಾನು ನಡುವೆ ಎದ್ದು ಪರದೆಯ ಹಿಂದೆ ಹೋಗಿ ನೋಡಿದ್ದೇನೆ. ಅಲ್ಲಿ ಬರೀ ಗದ್ದೆ. ಒಂದು ದನ ಇತ್ತು."

ದೇವಮ್ಮ, ನಾನು ಸೀಮೆಸುಣ್ಣ ಕೆಳಗಿಟ್ಟೆ. ಹುಡುಗಿ ಹೇಳಿದ್ದರಲ್ಲಿ ತಪ್ಪೆಲ್ಲಿದೆ? ನಮ್ಮ ಮಕ್ಕಳು ಹುಟ್ಟಿದಂದಿನಿಂದ ಬಯಲಾಟ ನೋಡಿದವರು. ರಕ್ಕಸ ಆರ್ಭಟಿಸುತ್ತ ಬಂದರೆ ಅವ್ವಂದಿರ ಮಡಿಲಲ್ಲಿ ಮುಖ ಹುದುಗಿಸುತ್ತಾರೆ, ಆಮೇಲೆ ಮೆಲ್ಲಗೆ ಚೌಕಿಗೆ ಓಡುತ್ತಾರೆ. ಬಣ್ಣ ಹಚ್ಚುವ ಆ ಚಪ್ಪರದಲ್ಲಿ ಅದೇ ರಕ್ಕಸ ಕನ್ನಡಿಯೆದುರು ಕೂತು ಚಹಾ ಊದುತ್ತಿರುತ್ತಾನೆ, ಪಟ್ಟದ ರಾಣಿ ಸೀರೆ ಎತ್ತಿ ಕಟ್ಟಿ ಬೀಡಿ ಎಳೆಯುತ್ತಿರುತ್ತಾಳೆ. ಅದನ್ನು ಕಂಡ ಮೇಲೆ ಭಯಕ್ಕೆ ಜಾಗವೆಲ್ಲಿ? ಚೌಕಿ ಇದ್ದರೆ ವೇಷ, ಇಲ್ಲದಿದ್ದರೆ ನಿಜ. ಕಮಲಾವತಿ ಈ ಲೆಕ್ಕ ಹಿಡಿದು ಪರದೆಯ ಹಿಂದೆ ಹುಡುಕಿದಳು, ಚೌಕಿ ಸಿಗಲಿಲ್ಲ, ಮನೆಗೆ ಬಂದು ನಿನ್ನ ಸೆರಗಿನ ಗಂಟು ನೋಡಿದಳು. ಅವಳದು ಹಠ ಎಂದು ನಾವು ತಿಳಿದೆವು. ಅದು ಹಠವಲ್ಲ, ಹುಡುಕಾಟ.

ಸರಿ, ಸಿನಿಮಾದವರು ಚೌಕಿ ಕಟ್ಟದಿದ್ದರೆ ನಾನೇ ಕಟ್ಟುತ್ತೇನೆ ಎಂದೆ. ಕರಿಹಲಗೆಯನ್ನು ಅಡ್ಡ ನಿಲ್ಲಿಸಿ ಅದರ ಹಿಂದೆ ಚೌಕಿ, ಮುಂದೆ ಸಿನಿಮಾ. ಹಾಲಿನ ಅದೇ ಕಥೆ. ಮಲತಾಯಿಯ ವೇಷಕ್ಕೆ ಯಾರೂ ಒಪ್ಪಲಿಲ್ಲ, ಕಮಲಾವತಿ ಮಾತ್ರ, "ನಾನು ಕಟ್ಟುತ್ತೇನೆ, ನಂಗೆ ಪೂರ್ತಿ ನೆನಪುಂಟು" ಎಂದಳು. ಮಗುವಿನ ವೇಷ ಲೈಲಾಳದ್ದು. ಸೆರಗಿನ ಗಂಟಿಗೆ ಬೆಲ್ಲದ ಹುಡಿ. ಕ್ಲಾಸಿನವರೆಲ್ಲ ಸಾಲಾಗಿ ಹಲಗೆಯ ಹಿಂದೆ ಹೋಗಿ ಆ ಹುಡಿ ನೆಕ್ಕಿ ಬಂದರು. ಕೆಲವರು ಮರೆವಿನ ನೆಪದಲ್ಲಿ ಮತ್ತೊಮ್ಮೆ ಹೋದರು. ವಿಷಕ್ಕೆ ಇಷ್ಟು ಗಿರಾಕಿ ಇರುವುದನ್ನು ನಾನು ನೋಡಿದ್ದು ಅವತ್ತೇ.

ಕಮಲಾವತಿ ಏನು ಅಭಿನಯ ಮಾಡಿದಳು ಅಂತಿ! ಆ ಓರೆನೋಟ, ಆ ಕಿರುನಗೆ. ಲೈಲಾಳಂತೂ, ಮೊದಲ ಸಲ ಸತ್ತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲವೆಂದು ಎದ್ದು ಇನ್ನೊಮ್ಮೆ ಸತ್ತಳು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆದರೆ ಒಂದನೇ ಕ್ಲಾಸಿನ ಪುಟ್ಟವು ಹೊರಗಿನಿಂದ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದವು. ಅವಕ್ಕೆ ಕಂಡದ್ದು ಹಲಗೆಯ ಮುಂಭಾಗ ಮಾತ್ರ. ಅದನ್ನು ನಾನೂ ಗಮನಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಕಮಲಾವತಿ ಲಂಗದಲ್ಲಿ ನೆಲ್ಲಿಕಾಯಿ ತುಂಬಿಕೊಂಡು ಬಂದು ಪುಟ್ಟ ಮಕ್ಕಳಿಗೆ ಹಂಚಹೊರಟಳು. ಒಂದು ಹುಡುಗಿ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ನಂಗೆ ಬೇಡ, ನೀನು ಹುಡಿ ಹಾಕ್ತಿ" ಎಂದಿತು. ಉಳಿದವು ಓಟ ಕಿತ್ತವು. ಕಮಲಾವತಿ ಒಂದನ್ನು ತಾನೇ ಕಚ್ಚಿ ತೋರಿಸಿದಳು. ಪುಟ್ಟದು ಮತ್ತೆರಡು ಹೆಜ್ಜೆ ಹಿಂದೆ ಸರಿಯಿತು. ಆಗ ಇವಳು ಎರಡೂ ಅಂಗೈ ಚಾಚಿ, "ನೋಡು ಮಾರಾಯ್ತಿ, ನನ್ನ ಕೈಯಲ್ಲಿ ಎಂತ ಉಂಟು?" ಎಂದಳು.

ಎಂದವಳು ಹಾಗೇ ನಿಂತುಬಿಟ್ಟಳು. ಚಾಚಿದ ಅಂಗೈಗಳನ್ನೇ ನೋಡುತ್ತ ನಿಂತಳು. ನೀನು ಹೊರಟ ದಿನ ಅವಳು ಬಾಗಿಲ ಹಿಂದೆ ಇದ್ದಳು, ಗೊತ್ತಾ ನಿನಗೆ?

ಲೈಲಾ ಬಂದು ಇವಳು ಕಚ್ಚಿ ಬಿಟ್ಟ ನೆಲ್ಲಿಕಾಯಿಯನ್ನೇ ಕಿತ್ತುಕೊಂಡು ತಿಂದಳು. "ಅವು ಚೌಕಿ ನೋಡ್ಲಿಲ್ಲ, ಅದ್ಕೆ ಹೆದರುದು" ಎಂದು ಸಮಾಧಾನ ಹೇಳಿದಳು. ಕಮಲಾವತಿ ಓಡಿ ಬಂದು ನನ್ನ ಅಂಗಿ ಹಿಡಿದು ಅತ್ತಳು. "ನಾನು ಹಾಗೆ ಅಲ್ಲ ಮಾವ." ನಿಮ್ಮ ಮದುವೆಯಾದಂದಿನಿಂದ ನನ್ನನ್ನು ಅವಳು ಮಾವ ಎಂದದ್ದೇ ಇಲ್ಲ; ಮನೆಯಲ್ಲೂ ನಾನು ಮಾಸ್ಟ್ರೇ. ನಿನ್ನನ್ನು ಒಪ್ಪಿಕೊಂಡರೆ ತಾನೇ ನಾನು ಮಾವನಾಗುವುದು? ನಾನು ಉಪದೇಶ ಮಾಡಲಿಲ್ಲ. ಒಂದನೇ ಕ್ಲಾಸಿನ ಮಕ್ಕಳನ್ನೆಲ್ಲ ಕರೆಸಿ, ಹಲಗೆಯ ಹಿಂದೆ ಕಳಿಸಿ, ಉಳಿದ ಬೆಲ್ಲ ಹಂಚು ಎಂದೆ. ಅವಳೇ ನಿಂತು ಗಂಟು ಬಿಚ್ಚಿ ತೋರಿಸಿದಳು, ಬೆಲ್ಲ ಕೊಟ್ಟಳು.

ಆ ಸಂಜೆ ಮನೆಯಲ್ಲಿ ಆದದ್ದನ್ನು ಭಾವ ಬಂದು ಹೇಳಿದರು. ನೀನು ಹೋಗುವ ಮೊದಲು ಮಾವಿನಮಿಡಿ ಉಪ್ಪಿನಕಾಯಿ ಹಾಕಿಟ್ಟಿದ್ದೆಯಲ್ಲ, ಆ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಕಮಲಾವತಿಯೇ ಬಿಚ್ಚಿದಳಂತೆ. ಗಂಜಿಯ ಜೊತೆ ಒಂದು ಮಿಡಿ ಕಚ್ಚಿದಳು. ಅಪ್ಪ ಸೌಟು ಹಿಡಿದುಕೊಂಡೇ ನೋಡುತ್ತಿದ್ದರೆ, "ಖಾರ ಉಂಟು" ಎಂದಳು. ಇನ್ನೊಂದು ತೆಗೆದುಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳಂತೆ: "ಸಣ್ಣವ್ವ ಅಲ್ಲಿ ಯಾರಿಗೆ ಬಡಿಸುದು?"

ಸಣ್ಣವ್ವ, ಕೇಳಿಸಿತಾ? ಹೆಸರಿಗೆ ಸಣ್ಣದು, ಹೇಳಲು ಮಗು ಎಷ್ಟು ದೊಡ್ಡದಾಗಬೇಕಾಯಿತು ನೋಡು.

ಟೆಂಟಿನವರು ಹೊಸ ಪೋಸ್ಟರ್ ಅಂಟಿಸಿದ್ದಾರೆ. ಇದರಲ್ಲಿ ಮಾವ ಒಬ್ಬ ಖಳನಂತೆ. ನನ್ನ ಸರದಿ ಬಂತು. ಎಲ್ಲರೂ ಹೋಗೋಣ. ಅವಳು ಪರದೆಯ ಹಿಂದೆ ಹೋಗುವುದಾದರೆ ನೀನೂ ಜೊತೆಗೆ ಹೋಗು, ಅಲ್ಲಿ ಏನೂ ಇಲ್ಲದಿರುವುದನ್ನು ಇಬ್ಬರೂ ಒಟ್ಟಿಗೆ ನೋಡಿ ಬನ್ನಿ.

ಭಾವ ಶನಿವಾರ ನಿನ್ನನ್ನು ಕರೆತರಲು ಬರುತ್ತಾರೆ, ಮಗಳೂ ಜೊತೆಗಿರುತ್ತಾಳೆ. ಬಂದ ಕೂಡಲೇ ಊಟಕ್ಕೆ ಕೂರಿಸು. ಒಂದೇ ಮಾತು ನೆನಪಿಡು ತಂಗಿ, ಈ ಸಲ ಅವಳ ತಟ್ಟೆಯಿಂದ ಮೊದಲ ತುತ್ತನ್ನು ನೀನು ತೆಗೆಯಬೇಡ. ಬಡಿಸು, ಬಡಿಸಿ ಸುಮ್ಮನೆ ಪಕ್ಕದಲ್ಲಿ ಕೂತುಕೋ.

ನಿನ್ನ ಕೈಯಡುಗೆಗೆ ಆ ಮಗುವಿನ ಹಸಿವು ಎಂದೂ ಕಡಿಮೆಯಾಗದಿರಲಿ.

ನಿನ್ನ ಅಣ್ಣ,
ಬೋಜಪ್ಪ
(ಶಾಲೆಯಲ್ಲಿ ಮಾಸ್ಟ್ರು, ನಿನ್ನೆ ಮೊನ್ನೆಯಿಂದ ಮಾವ)